ಒಬ್ಬ ಗೃಹಿಣಿಯೂ ಒಂದು ತಗಡಿನ ಮಿಲ್ಲೂ

ಕಳೆದ ಸಂಚಿಕೆಯಲ್ಲಿ ನಾವು ಬೀಸುವ ಕಲ್ಲನ್ನು ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆವು. ಅದನ್ನು ಓದಿದ ನಮ್ಮ ಮೊಮ್ಮಗಳು, ಅಡಿಗೆಯ ಮನೆಯಲ್ಲಿ ಕುಕ್ಕರು ಕೂಗುತ್ತಿದ್ದ ಹೊತ್ತಿನಲ್ಲಿ ನಮ್ಮ ಬಳಿಗೆ ಬಂದು, “ತಾತ, ಕಲ್ಲಿನ ಮಾತು ತಿಳಿಯಿತು. ಈ ಕುಕ್ಕರಿನ ಉಕ್ಕನ್ನು ಇಷ್ಟು ತೆಳ್ಳಗೆ ಲಟ್ಟಿಸುವವರು ಯಾರು? ಅವರ ಲಟ್ಟಣಿಗೆ ಎಂಥದು?” ಎಂದು ಕೇಳಿದಳು. ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಹೊರಟವರು ಎಲ್ಲಿಗೆ ಹೋಗಿ ಮುಟ್ಟುವರೆಂಬುದನ್ನು ಹೇಳಲಾಗದು. ಈ ಸಾರಿ ನಾವು ಅಮೆರಿಕಾ ಖಂಡದ ಒಂದು ಹೊಳೆಯ ದಂಡೆಗೆ ಹೋಗಿ ಮುಟ್ಟಿದೆವು. ವಾಚಕರೂ ಒಂದು ಗಳಿಗೆ ನಮ್ಮ ಜೊತೆಯಲ್ಲಿ ಬರಬೇಕೆಂದು ಪ್ರಾರ್ಥನೆ.

ಮೊದಲು ಆ ಲಟ್ಟಣಿಗೆಯ ಮಾತನ್ನು ಮುಗಿಸೋಣ. ಉಕ್ಕನ್ನು ತಗಡು ಮಾಡುವುದಕ್ಕೆ ಲಟ್ಟಣಿಗೆಯ ಹೋಲಿಕೆ ಅರ್ಧಮಾತ್ರ ಸಲ್ಲುವುದು. ಲಟ್ಟಣಿಗೆ ಒಂದು, ಅದು ಹಿಟ್ಟಿನ ಮೇಲೆ ಓಡಾಡುತ್ತದೆ. ಉಕ್ಕಿನ ಮಿಲ್ಲಿನಲ್ಲಿಯಾದರೋ ಉರುಳೆಗಳು ಇದ್ದಲ್ಲಿಯೇ ಇದ್ದುಕೊಂಡು ತಿರುಗುತ್ತವೆ. ಕೆಂಪಗೆ ಕಾದ ಲೋಹವು ಅವುಗಳ ನಡುವಣ ಸಂದಿನಲ್ಲಿ ನುಗ್ಗಿ ಹೋಗುತ್ತದೆ. ಆದುದರಿಂದ ಹಳ್ಳಿಯ ಆಲೆಮನೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಗಾಣದ ಉರುಳೆಗಳ ನಡುವೆ ಕಬ್ಬು ಹೇಗೋ, ಇಲ್ಲಿ ಕಬ್ಬಿಣವು ಹಾಗೆ. ವ್ಯತ್ಯಾಸವಿಷ್ಟೆ: ಕಬ್ಬು ಒಂದೆರಡು ಸಲ ಹಾಯ್ದು ಸಿಪ್ಪೆಯಾಗುವುದು, ಕಬ್ಬಿಣವು ಹತ್ತಾರು ಸಲ ಹಾಯ್ದು, ಪ್ರತಿಯೊಂದು ಸಲವೂ ತೆಳ್ಳಗಾಗುತ್ತ ಉದ್ದವಾಗುತ್ತ ಹೋಗುವುದು. ಉಪಾಧ್ಯಾಯರಾಗಿದ್ದ ಕಾಲದಲ್ಲಿ ನಾವು ಒಮ್ಮೆ ಹುಡುಗರನ್ನು ಕರೆದುಕೊಂಡು ಭದ್ರಾವತಿಗೆ ಹೋಗಿದ್ದೆವು. ಅಲ್ಲಿ ಕೆಂಡದ ಬಣ್ಣದ ದಿಮ್ಮಿಯೊಂದು ಉರುಳೆಗಳ ಬಾಯಿಗೆ ಬಿದ್ದೊಡನೆ ಎದ್ದ ಸದ್ದಿಗೆ ನಮ್ಮ ತರಗತಿಯ ಅತ್ಯಂತ ತುಂಟ ಹುಡುಗನು ಬಂದು ನಮ್ಮ ಪಂಚೆಯ ಅಂಚನ್ನು ಹಿಡಿದುಕೊಂಡನು. ನಾವೂ ಎರಡು ಹೆಜ್ಜೆ ಹಿಂದಕ್ಕೆ ಸರಿದೆವೆಂಬುದನ್ನು ಮುಚ್ಚಿಡುವುದಿಲ್ಲ.

ಇಂಥ ಮಿಲ್ಲುಗಳ ಪೂರ್ವೋತ್ತರವನ್ನು ಓದುತ್ತ ಹೋದಾಗ ಒಂದು ಕಥೆಯು ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿತು. ಪೆನ್ಸಿಲ್ವೇನಿಯಾ ಎಂಬ ಪ್ರಾಂತದಲ್ಲಿ, ಫಿಲಡೆಲ್ಫಿಯಾ ನಗರಕ್ಕೆ ಪಶ್ಚಿಮವಾಗಿ ಸುಮಾರು 40 ಮೈಲಿಗಳ ದೂರದಲ್ಲಿ, ಬ್ರಾಂಡಿವೈನ್ ಎಂಬ ಹೊಳೆಯ ದಂಡೆಯ ಮೇಲೆ ಕೋಟ್ಸ್‌ವಿಲ್ ಎಂಬ ಊರಿರುವುದು. ಅಲ್ಲಿ 1810ರಲ್ಲಿ ಆರಂಭವಾದ ತಗಡಿನ ಮಿಲ್ಲು, ಹಲವು ಒಡೆಯರ ಕೈಯಿಂದ ಕೈಗೆ ದಾಟಿ, ಎರಡು ಶತಮಾನಗಳನ್ನು ಕಳೆದು ಬಾಳಿದೆ. ಅದರ ಕಟ್ಟಡಗಳನ್ನೂ ಯಂತ್ರಗಳನ್ನೂ ನೆಲಸಮವಾಗುವ ಸ್ಥಿತಿಯಿಂದ ಎತ್ತಿ ನಿಲ್ಲಿಸಿದವಳು ಮಕ್ಕಳೊಂದಿಗಳಾದ ಒಬ್ಬ ವಿಧವೆ. ಕುಟುಂಬದವರು ಓದುವ ಪತ್ರಿಕೆಯಲ್ಲಿ ಉಕ್ಕಿನ ಮಾತೇಕೆಂದು ಕೇಳುವವರಿಗೆ ಇದೇ ನಮ್ಮ ಸಮಾಧಾನ.

ಆ ಪ್ರಾಂತದಲ್ಲಿ ಕ್ವೇಕರರೆಂಬ ಒಂದು ಕ್ರೈಸ್ತ ಪಂಗಡದವರು ಬಹಳವಾಗಿದ್ದರು. ಆಡಂಬರವಿಲ್ಲದ ಉಡುಪು, ಮಿತವಾದ ಮಾತು, ಯುದ್ಧದಲ್ಲಿ ವಿಮುಖತೆ, ಇವು ಅವರ ಲಕ್ಷಣಗಳು. ಹೆಣ್ಣುಮಕ್ಕಳಿಗೂ ಓದು ಬೇಕೆಂಬುದೂ, ಪ್ರಾರ್ಥನಾಸಭೆಯಲ್ಲಿ ಹೆಂಗಸರೂ ಎದ್ದು ಮಾತನಾಡಬಹುದೆಂಬುದೂ ಅವರಲ್ಲಿ ರೂಢಿಯಾಗಿದ್ದಿತು. ಆ ಪಂಗಡಕ್ಕೆ ಸೇರಿದ ಐಸಾಕ್ ಪೆನ್ನಾಕ್ ಎಂಬಾತನು 1793ರಲ್ಲಿ ಬಕ್ ರನ್ ಎಂಬ ಹಳ್ಳದ ಮೇಲೆ ಕಬ್ಬಿಣವನ್ನು ಸೀಳುವ ಮಿಲ್ಲೊಂದನ್ನು ಕಟ್ಟಿದನು. ಮುಂದೆ 1810ರಲ್ಲಿ ಜೆಸ್ಸಿ ಕೆರ್ಸಿ ಎಂಬಾತನೊಡನೆ ಪಾಲುಗೂಡಿ, ಬ್ರಾಂಡಿವೈನ್ ಹೊಳೆಯ ಮೇಲಿದ್ದ ಒಂದು ಮರ ಕೊಯ್ಯುವ ಮಿಲ್ಲನ್ನು ಕೊಂಡು ಅದನ್ನು ಕಬ್ಬಿಣದ ಮಿಲ್ಲಾಗಿ ಮಾರ್ಪಡಿಸಿದನು. ಒಡ್ಡು, ಕಾಲುವೆ, ನೀರಿನ ಚಕ್ರ ಎಲ್ಲವೂ ಮೊದಲೇ ಇದ್ದುವು. ಗರಗಸವನ್ನು ತೆಗೆದು ಉರುಳೆಗಳನ್ನು ನಿಲ್ಲಿಸುವುದೊಂದೇ ಉಳಿದ ಕೆಲಸ. ‘ಬ್ರಾಂಡಿವೈನ್ ಕಬ್ಬಿಣದ ಕಾರ್ಖಾನೆ ಮತ್ತು ಮೊಳೆಯ ಕಾರ್ಖಾನೆ’ ಎಂದು ಅದಕ್ಕೆ ಹೆಸರಾಯಿತು.

ಇಲ್ಲಿ ಅದಿರನ್ನು ಕರಗಿಸುತ್ತಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಆ ಕೆಲಸವು ಬೇರೆಯವರದು. ಇದ್ದಲಿನ ಕುಲುಮೆಗಳಲ್ಲಿ ಸಿದ್ಧವಾಗಿ ಬಡಿಗೆಯಲ್ಲಿ ಬಡಿದು ತಂದ ಕಬ್ಬಿಣದ ಗಟ್ಟಿಗಳನ್ನು ಈ ಮಿಲ್ಲಿನವರು ಕೊಂಡುಕೊಂಡು, ಮತ್ತೆ ಕಾಯಿಸಿ, ಉರುಳೆಗಳಲ್ಲಿ ಹಾಯಿಸಿ ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿಗಳನ್ನು ಉದ್ದುದ್ದವಾಗಿ ಸೀಳಿದರೆ ಸಲಾಕೆಗಳಾಗುತ್ತಿದ್ದುವು. ಸಲಾಕೆಗಳಿಂದ ಕಮ್ಮಾರರು ಮೊಳೆಗಳನ್ನೂ ಬಂಡಿಯ ಚಕ್ರದ ಪಟ್ಟಿಗಳನ್ನೂ ಮಾಡುತ್ತಿದ್ದರು. ಮೊದಲಿನ ಉರುಳೆಗಳು ಒಂದೂವರೆ ಅಡಿಯೊಳಗಿನ ದಪ್ಪ, ಮೂರು ನಾಲ್ಕು ಅಡಿಗಳ ಉದ್ದ; ಅಂದರೆ ಮನೆಯೊಳಗಿನ ತೊಲೆಯ ತುಂಡೊಂದರಷ್ಟು ದೊಡ್ಡವು. ಈ ಅಳತೆಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುವುದು.

ಪೆನ್ನಾಕನ ಮಗಳೇ ರೆಬೆಕಾ. ಹುಟ್ಟಿದುದು 1794ರ ಜನವರಿಯಲ್ಲಿ. ತಂದೆಯ ಜೊತೆಯಲ್ಲಿ ಕುದುರೆಯ ಮೇಲೆ ಕುಳಿತು ಮಿಲ್ಲಿಗೆ ಹೋಗಿಬರುತ್ತಿದ್ದ ಹುಡುಗಿ. ಶಾಲೆಯಲ್ಲಿ ರಸಾಯನಶಾಸ್ತ್ರವೂ ಫ್ರೆಂಚ್ ಭಾಷೆಯೂ ಆಕೆಗೆ ಅಚ್ಚುಮೆಚ್ಚು. 1813ರಲ್ಲಿ ಚಾರ್ಲ್ಸ್ ಲೂಕೆನ್ಸ್ ಎಂಬ ತರುಣ ವೈದ್ಯನನ್ನು ಮದುವೆಯಾದಳು. ಅಳಿಯನು ವೈದ್ಯವೃತ್ತಿಯನ್ನು ಬಿಟ್ಟು ಮಾವನ ಕಬ್ಬಿಣದ ವ್ಯವಹಾರಕ್ಕೆ ಇಳಿದನು; ಕೆಲವು ವರ್ಷಗಳ ಮೇಲೆ ಬ್ರಾಂಡಿವೈನ್ ಮಿಲ್ಲನ್ನು ಮಾವನಿಂದ ಗುತ್ತಿಗೆಗೆ ಹಿಡಿದನು. ನಾಡಿ ಹಿಡಿಯುತ್ತಿದ್ದ ಕೈ ಇಕ್ಕುಳ ಹಿಡಿಯಿತು. ಆತನ ದೃಷ್ಟಿ ಮಾತ್ರ ಮೊಳೆಗಳ ಮೇಲೆ ನಿಲ್ಲಲಿಲ್ಲ. ಉಗಿಯಂತ್ರಗಳ ಕಾಲವು ಬರುತ್ತಲಿದೆ. ಅವುಗಳಿಗೆಲ್ಲ ಬಾಯ್ಲರು ಬೇಕು. ಬಾಯ್ಲರಿಗೆ ಅಗಲವಾದ, ಸಮದಪ್ಪದ, ಬಿರುಕಿಲ್ಲದ ತಗಡು ಬೇಕು ಎಂಬುದನ್ನು ಆತನು ಕಂಡುಕೊಂಡನು. 1818ರಲ್ಲಿ ಈ ಮಿಲ್ಲಿನಲ್ಲಿ ಬಾಯ್ಲರಿನ ತಗಡು ಸಿದ್ಧವಾಯಿತು. ಅಮೆರಿಕಾದಲ್ಲಿ ಅದೇ ಮೊದಲನೆಯದೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ.

ಬಾಯ್ಲರಿನ ತಗಡೆಂದರೆ ಪ್ರಾಣದ ಮೇಲಣ ಮಾತು. ಕುಕ್ಕರಿನ ಒತ್ತಡವೇ ನಮ್ಮ ಮನೆಯ ಹೆಂಗಸರನ್ನು ಎಚ್ಚರದಲ್ಲಿರಿಸುವುದು. ಹಡಗಿನ ಬಾಯ್ಲರಿನ ಮಾತನ್ನು ಊಹಿಸಿಕೊಳ್ಳಬಹುದು. ಆ ಶತಮಾನದಲ್ಲಿ ಅಮೆರಿಕಾದ ನದಿಗಳ ಮೇಲೆ ಬಾಯ್ಲರು ಸಿಡಿದು ಹಡಗುಗಳು ಹಾಳಾದುದಕ್ಕೆ ಲೆಕ್ಕವಿಲ್ಲ. ಹಡಗಿನ ಬಾಯ್ಲರುಗಳನ್ನು ಸರಕಾರದವರು ಪರೀಕ್ಷಿಸತಕ್ಕುದೆಂದು 1838ರಲ್ಲಿ ಒಂದು ಶಾಸನವನ್ನೂ, ಸಾಲದೆಂದು 1852ರಲ್ಲಿ ಮತ್ತೊಂದನ್ನೂ ಮಾಡಬೇಕಾಯಿತು. ಆ ಮೇಲೂ 1865ರ ಏಪ್ರಿಲಿನಲ್ಲಿ ಮಿಸಿಸಿಪ್ಪಿ ನದಿಯಲ್ಲಿ ‘ಸುಲ್ತಾನಾ’ ಎಂಬ ಹಡಗಿನ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನರು ಸತ್ತರು. ತಗಡಿನೊಳಗೆ ಕಣ್ಣಿಗೆ ಕಾಣದ ಒಂದು ಪದರ ಬಿಟ್ಟಿದ್ದರೂ ಸಾಕು, ಅನರ್ಥಕ್ಕೆ ದಾರಿಯಾಗುವುದು.

ಅಂಥ ತಗಡನ್ನು ನೀರಿನ ಬಲದಿಂದ ಮಾಡುವುದು ಹೇಗಿದ್ದಿತೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕೆಂದು ನಮ್ಮ ಆಸೆ. ಕುಲುಮೆಯಲ್ಲಿ ಗಟ್ಟಿಯು ಬೆಳ್ಳಗೆ ಕಾಯುವವರೆಗೆ ಕಾದಿರಬೇಕು. ಕಾದೊಡನೆ ಇಕ್ಕುಳಗಳಿಂದ ಹಿಡಿದು ಉರುಳೆಗಳ ಬಾಯಿಗೆ ಕೊಡಬೇಕು. ಮೇಲಿನ ಉರುಳೆಯನ್ನು ತಿರುಪುಗಳಿಂದ ಸ್ವಲ್ಪ ಇಳಿಸಿ, ಸಂದನ್ನು ಕಿರಿದುಮಾಡಿ, ಮತ್ತೆ ಕೊಡಬೇಕು. ಇಲ್ಲಿ ಒಂದು ತೊಡಕು. ನೀರಿನ ಚಕ್ರವು ತಿರುಗುವುದು ಒಂದೇ ದಿಕ್ಕಿಗೆ, ಉರುಳೆಗಳೂ ಹಾಗೆಯೇ. ಆಚೆಯ ಕಡೆಗೆ ಹೋದ ತಗಡು ತಾನಾಗಿ ಈಚೆಗೆ ಬಾರದು. ಅಲ್ಲಿ ನಿಂತವರು ಅದನ್ನು ಎತ್ತಿ, ಮೇಲಿನ ಉರುಳೆಯ ನೆತ್ತಿಯ ಮೇಲಿಂದ ಈಚೆಯವರಿಗೆ ದಾಟಿಸಬೇಕು. ಉರಿಯುವ ಹಲಗೆಯನ್ನು ತಲೆಯ ಮಟ್ಟಕ್ಕೆ ಎತ್ತುವ ಕೆಲಸವದು. ಅಷ್ಟರಲ್ಲಿ ತಗಡು ಆರುತ್ತಿರುವುದು, ತೆಳ್ಳಗಾದಷ್ಟೂ ಬೇಗನೆ ಆರುವುದು, ಆರಿದಷ್ಟೂ ಗಡುಸಾಗುವುದು. ಮೇಲ್ಮೈಯಿಂದ ಕಪ್ಪು ಹೊಟ್ಟು ಸಿಡಿದು ಕೆಳಗೆ ಬೀಳುವುದು. ನಮ್ಮ ವೈದ್ಯಗ್ರಂಥಗಳಲ್ಲಿ ಲೋಹಕಿಟ್ಟವೆಂದೂ ಮಂಡೂರವೆಂದೂ ಹೇಳುವುದು ಈ ಜಾತಿಯ ವಸ್ತುವನ್ನೇ. ಸಂಸ್ಕೃತವನ್ನು ಪಾಠ ಹೇಳಿದವರ ಬಾಯಿ ಸುಮ್ಮನಿರಲಾರದು, ವಾಚಕರು ಮನ್ನಿಸಬೇಕು.

ಇನ್ನು ಹೊಳೆಯಲ್ಲಿ ನೀರು ಕಡಮೆಯಾದಾಗಲೋ! ತಗಡು ಅರ್ಧಕ್ಕೆ ಹೋಗಿರುವಾಗ ಚಕ್ರದ ಬಲ ಸಾಲದೆ ಉರುಳೆಗಳು ನಿಂತುಬಿಟ್ಟರೆ, ಕಾದ ತಗಡು ಅವುಗಳ ನಡುವೆ ಸಿಕ್ಕಿಕೊಂಡು, ಬೆಲೆಬಾಳುವ ಉರುಳೆಗಳೇ ಬಿರಿಯುವ ಅಪಾಯವಿದ್ದಿತು. ಅಂಥ ಸಮಯದಲ್ಲಿ ಕೆಲಸಗಾರರು ಓಡಿಹೋಗಿ ನೀರಿನ ಚಕ್ರದ ಅಂಚನ್ನು ಹತ್ತಿ, ತಮ್ಮ ಮೈಯ ಭಾರದಿಂದ ಅದನ್ನು ಕೆಳಕ್ಕೆಳೆದು, ತಗಡು ಆಚೆಗೆ ಹಾಯುವಂತೆ ಮಾಡುತ್ತಿದ್ದರೆಂದು ಆ ಮಿಲ್ಲಿನ ಚರಿತ್ರೆಯಲ್ಲಿ ಹೇಳಿದೆ. ಇದನ್ನು ಓದಿದಾಗ ನಾವು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಸಾವಿರಾರು ಕುದುರೆಗಳ ಬಲದ ಯಂತ್ರಗಳಿಗೆ ಹಿರಿಯಜ್ಜನಾದುದು ನಾಲ್ಕಾರು ಮನುಷ್ಯರು ಜೋತುಬಿದ್ದ ಒಂದು ಮರದ ಚಕ್ರ!

ಈ ಸ್ಥಿತಿಯಲ್ಲಿರುವಾಗಲೇ ವಿಪತ್ತು ಬಂದಿತು. 1824ರಲ್ಲಿ ರೆಬೆಕಾಳ ತಂದೆ ತೀರಿಕೊಂಡನು. ಮರುವರ್ಷ, 1825ರ ಬೇಸಗೆಯಲ್ಲಿ, ಗಂಡನೂ ತೀರಿಕೊಂಡನು. ಆಕೆಗೆ ಆಗ 31 ವರ್ಷ. ಕಂಕುಳಲ್ಲಿ ಮಕ್ಕಳು, ಗರ್ಭದಲ್ಲಿ ಒಂದು. ಮಿಲ್ಲಿನ ಮೇಲೆ ಸಾಲ. ಮಿಲ್ಲಾದರೂ ಕುಸಿಯುವ ಸ್ಥಿತಿಯಲ್ಲಿದ್ದಿತು. ಅದನ್ನು ಬಿಡದೆ ನಡೆಯಿಸಬೇಕೆಂದು ಗಂಡನು ಸಾಯುವ ಮುನ್ನ ಕೇಳಿಕೊಂಡಿದ್ದನು. ಇತ್ತ ತಾಯಿಗೆ ಅದು ಸಮ್ಮತವಿರಲಿಲ್ಲ. ಇಂಥ ಕೆಲಸ ಹೆಂಗಸಿಗೆ ತಕ್ಕುದಲ್ಲವೆಂಬುದು ಆಕೆಯ ಅಭಿಪ್ರಾಯ. ತಂದೆಯ ಮರಣಶಾಸನವೋ ಸ್ಪಷ್ಟವಾಗಿರಲಿಲ್ಲ. ಮಿಲ್ಲು ತಮಗೆ ಬರುವುದೆಂದು ನಂಬಿ ಗಂಡಹೆಂಡಿರು ಅದರಲ್ಲಿ ತಮ್ಮ ಹಣವನ್ನೆಲ್ಲ ಸುರಿದಿದ್ದರು. ಶಾಸನವನ್ನು ತೆರೆದು ನೋಡಿದರೆ ಆಸ್ತಿಯೆಲ್ಲವೂ ತಾಯಿಯ ಜೀವಮಾನಪರ್ಯಂತ ಆಕೆಯ ವಶದಲ್ಲಿರತಕ್ಕುದೆಂದಿದ್ದಿತು. ಹೆತ್ತ ತಾಯಿಯ ಬಳಿಯಲ್ಲಿಯೇ ಮಗಳು ಗುತ್ತಿಗೆದಾರಳಾದಳು.

ಸ್ತ್ರೀಧನದ ವಿಷಯದಲ್ಲಿ ನಮ್ಮ ಸ್ಮೃತಿಕಾರರು ಎಷ್ಟೊಂದು ವಿಚಾರ ಮಾಡಿರುವರೆಂಬುದನ್ನು ಬಲ್ಲ ನಮಗೆ, ಆ ಕಾಲದ ಆಂಗ್ಲ ನ್ಯಾಯಪದ್ಧತಿಯು ವಿಚಿತ್ರವಾಗಿ ಕಂಡಿತು. ಗಂಡನು ಬದುಕಿರುವವರೆಗೆ ಹೆಂಡತಿಯ ಹೆಸರಿನಲ್ಲಿ ಕರಾರು ನಡೆಯದು, ಆಕೆಯ ಸಂಪಾದನೆ ಆಕೆಯದಲ್ಲ. ವಿಧವೆಯಾದೊಡನೆ ಕರಾರಿಗೆ ರುಜು ಹಾಕುವ ಹಕ್ಕು ಬರುವುದು. ದುಃಖವೇ ಅಧಿಕಾರವನ್ನು ಹೊತ್ತು ತಂದಂತೆ! ಪೆನ್ಸಿಲ್ವೇನಿಯಾದಲ್ಲಿ ಮದುವೆಯಾದ ಹೆಂಗಸಿನ ಆಸ್ತಿಯ ಹಕ್ಕನ್ನು ಒಪ್ಪಿದ ಶಾಸನವಾದುದು 1848ರಲ್ಲಿ. ನಾವು ಮೂಗಿನ ಮೇಲೆ ಬೆರಳಿಡಬೇಕಾದ ಕಾರಣವಿಲ್ಲ. ಸ್ತ್ರೀಧನದ ಪಂಕ್ತಿಗಳು ಗ್ರಂಥದಲ್ಲಿದ್ದರೂ ನಮ್ಮ ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳಿಗೆ ಶಾಸನವಾದುದು 1933ರಲ್ಲಿ.

ಆಕೆ ಏನು ಮಾಡಿದಳು? ಮಿಲ್ಲಿನೊಳಗಣ ದಿನದಿನದ ಕೆಲಸದ ಮೇಲ್ವಿಚಾರಣೆಯನ್ನು ಮೈದುನನಾದ ಸಾಲೊಮನ್ ಲೂಕೆನ್ಸನಿಗೆ ಒಪ್ಪಿಸಿದಳು. ಕಬ್ಬಿಣವನ್ನು ಕೊಳ್ಳುವುದು, ತಗಡಿಗೆ ಬೆಲೆ ಕಟ್ಟುವುದು, ಗಿರಾಕಿಗಳಿಗೆ ಕಾಗದ ಬರೆಯುವುದು, ಸಾಲಗಾರರಿಗೆ ಉತ್ತರ ಕೊಡುವುದು, ಇವೆಲ್ಲವನ್ನೂ ತಾನು ಇಟ್ಟುಕೊಂಡಳು. ಮೊದಲನೆಯ ಪರೀಕ್ಷೆಯು ಕಾದುಕೊಂಡೇ ಇದ್ದಿತು. ಯಾರ್ಕ್ ಎಂಬ ಊರಿನಲ್ಲಿ ಜಾನ್ ಎಲ್ಗರ್ ಎಂಬಾತನು ‘ಕೊಡೋರಸ್’ ಎಂಬ ಹಡಗನ್ನು ಕಟ್ಟುತ್ತಲಿದ್ದನು; ಅಮೆರಿಕಾದಲ್ಲಿ ಕಬ್ಬಿಣದ ಒಡಲಿನ ಮೊದಲನೆಯ ಉಗಿಹಡಗು ಅದು. ಅದಕ್ಕೆ ತಗಡು ಕೊಡುವ ಕರಾರನ್ನು ಚಾರ್ಲ್ಸನು ಮಾಡಿಕೊಂಡಿದ್ದನು. ಒಪ್ಪಿದ ತಗಡೆಲ್ಲವನ್ನೂ ರೆಬೆಕಾ ಒಪ್ಪಿಸಿದಳು. ಅದೇ ವರ್ಷ ಹಡಗು ಸಸ್ಕ್ವೆಹಾನಾ ನದಿಗೆ ಇಳಿಯಿತು. ಆ ಮೇಲೆ ಈ ಮಿಲ್ಲಿನ ಹೆಸರನ್ನು ಕೇಳಿಕೊಂಡು ದೂರದ ನ್ಯೂ ಆರ್ಲಿಯನ್ಸಿನಿಂದಲೂ ಬೇಡಿಕೆಗಳು ಬಂದುವು. ತಗಡುಗಳು ಬಂಡಿಗಳ ಮೇಲೆ, ಲ್ಯಾಂಕಾಸ್ಟರಿನ ಹೆದ್ದಾರಿಯಲ್ಲಿ, ಫಿಲಡೆಲ್ಫಿಯಾ ಮೊದಲಾದ ಪಟ್ಟಣಗಳಿಗೆ ಹೋಗುತ್ತಿದ್ದುವು. 1834ರಲ್ಲಿ ಫಿಲಡೆಲ್ಫಿಯಾದಿಂದ ಕೊಲಂಬಿಯಾಕ್ಕೆ ರೈಲುದಾರಿಯು ತೆರೆದು, ಕೋಟ್ಸ್‌ವಿಲ್ಲಿನ ಬಳಿಯಲ್ಲಿಯೇ ಹೊಳೆಯನ್ನು ದಾಟಿತು. ಬಂಡಿಗಳ ಕಾಲಕ್ಕೆ ಅಲ್ಲಿಗೆ ಮುಗಿವು.

ಆ ರೈಲು ಬಂದ ಕಾಲಕ್ಕೆ ಸರಿಯಾಗಿ ಆಕೆಯ ಮಿಲ್ಲೂ ಹೊಸದಾಗಿದ್ದಿತೆಂಬುದೇ ನಮಗೆ ಬಹಳವಾಗಿ ಮೆಚ್ಚಾದ ಸಂಗತಿ. ಸಾಲವನ್ನು ತೀರಿಸುತ್ತ ತೀರಿಸುತ್ತಲೇ, ಗಳಿಸಿದ್ದರಲ್ಲಿ ಒಂದು ಪಾಲನ್ನು ಕಟ್ಟಡಕ್ಕೂ ಯಂತ್ರಕ್ಕೂ ಹಾಕುತ್ತ ಬಂದಳು. ಒಡ್ಡನ್ನು ಹೊಸದಾಗಿ ಕಟ್ಟಿಸಿದಳು. ನೀರಿನ ಚಕ್ರಗಳನ್ನು ಬದಲಾಯಿಸಿದಳು. ಎರಕದ ಭಾಗಗಳನ್ನೂ ಕುಲುಮೆಗಳನ್ನೂ ಹೊಸದು ಮಾಡಿಸಿದಳು. ಮಿಲ್ಲಿನ ಮನೆಯನ್ನು ಮೊದಲಿಗಿಂತ ವಿಶಾಲವಾಗಿ ತಳಪಾಯದಿಂದ ಎಬ್ಬಿಸಿದಳು. ತನ್ನ ಮಕ್ಕಳಿಗೆಂದು ಬರೆದಿಟ್ಟ ಆತ್ಮವೃತ್ತಾಂತದಲ್ಲಿ ಈ ಎಲ್ಲವನ್ನೂ ಒಂದೊಂದಾಗಿ ಎಣಿಸಿ ಹೇಳಿರುವಳು. ಮದುವೆಯ ಮನೆಯ ಪಾತ್ರೆಪದಾರ್ಥಗಳ ಪಟ್ಟಿಯನ್ನು ಹಿರಿಯ ಮುತ್ತೈದೆ ಒಪ್ಪಿಸುವಂತೆ. ಇಷ್ಟನ್ನು ಮಾಡಿದುದು ತನ್ನದಲ್ಲದ ಕಟ್ಟಡದ ಮೇಲೆ! ತಾಯಿಯು ಬದುಕಿರುವವರೆಗೆ, ಅಂದರೆ 1844ರ ವರೆಗೆ, ಮಿಲ್ಲಿನ ಒಡೆತನವು ಆಕೆಯ ಕೈಗೆ ಬರುವಂತಿರಲಿಲ್ಲ. ಬಾಡಿಗೆಯ ಮನೆಗೆ ಸುಣ್ಣ ಬಳಿಸುವುದಕ್ಕೂ ಹಿಂದೆಗೆಯುವ ನಮ್ಮಂಥವರು ಈ ಧೈರ್ಯವನ್ನು ಸುಲಭವಾಗಿ ಅರ್ಥಮಾಡಿಕೊಳ್ಳಲಾರೆವು. ಆಕೆಯ ಲೆಕ್ಕವು ಬೇರೆಯಾಗಿದ್ದಿತೆಂದು ತೋರುವುದು: ಶಿಥಿಲವಾದ ಚಕ್ರದಿಂದ ಒಳ್ಳೆಯ ತಗಡು ಬಾರದು; ಒಳ್ಳೆಯ ತಗಡಿಲ್ಲದೆ ಗಿರಾಕಿಯಿಲ್ಲ; ಗಿರಾಕಿಯಿಲ್ಲದೆ ಮಕ್ಕಳಿಗೆ ಅನ್ನವಿಲ್ಲ. ಕಾಗದದ ಮೇಲಿನ ಹಕ್ಕಿಗಾಗಿ ಕಾದು ಕುಳಿತಿದ್ದರೆ ಹಕ್ಕು ಬರುವ ವೇಳೆಗೆ ಮಿಲ್ಲೇ ಇರುತ್ತಿರಲಿಲ್ಲ.

1837ರಲ್ಲಿ ಅಮೆರಿಕಾದಲ್ಲೆಲ್ಲ ಹಣದ ಮುಗ್ಗಟ್ಟು ಉಂಟಾಯಿತು. ಬ್ಯಾಂಕುಗಳು ಹಣ ಕೊಡುವುದನ್ನು ನಿಲ್ಲಿಸಿದುವು. ಕಾರ್ಖಾನೆಗಳು ಬಾಗಿಲು ಹಾಕಿದುವು. ತಗಡು ಕೊಳ್ಳುವವರಿಲ್ಲ. ಆಕೆ ಆಳುಗಳನ್ನು ಬಿಡಿಸಲಿಲ್ಲ. ಕೆಲವರನ್ನು ಮಿಲ್ಲಿನ ದುರಸ್ತಿಗೆ ಹಚ್ಚಿದಳು. ಕೆಲವರನ್ನು ತನ್ನ ಹೊಲದ ಕೆಲಸಕ್ಕೆ ಕಳುಹಿಸಿದಳು. ಕೂಲಿಗೆ ನಾಣ್ಯವಿಲ್ಲದಾಗ ಹೊಲದಲ್ಲಿ ಬೆಳೆದುದನ್ನೇ ಕೊಟ್ಟಳು. ನಮ್ಮ ಹಳ್ಳಿಗಳಲ್ಲಿ ಕಮ್ಮಾರನಿಗೂ ಬಡಗಿಗೂ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಇದರಲ್ಲಿ ಹೊಸತೇನೂ ಕಾಣದು. ವ್ಯಾಪಾರವು ಮತ್ತೆ ಚೇತರಿಸಿಕೊಂಡಾಗ ಆಕೆಯ ಯಂತ್ರಗಳು ಸರಿಯಾಗಿದ್ದುವು, ಕೈಗಳೂ ಚದರಿಹೋಗಿರಲಿಲ್ಲ.

ವಯಸ್ಸಾದ ಮೇಲೆ ಅಳಿಯಂದಿರನ್ನು ಪಾಲುಗಾರರನ್ನಾಗಿ ಮಾಡಿಕೊಂಡು, ಕ್ರಮಕ್ರಮವಾಗಿ ವ್ಯವಹಾರದಿಂದ ಹಿಂದೆ ಸರಿದಳು. ಮಗಳಾದ ಇಸಬೆಲ್ಲಾಳಿಗೆ ಡಾಕ್ಟರ್ ಚಾರ್ಲ್ಸ್ ಹ್ಯೂಸ್ಟನ್ನನೊಡನೆ ಮದುವೆಯಾದಾಗ, ತನ್ನ ಮನೆಯ ಹತ್ತಿರದಲ್ಲಿಯೇ ಒಂದು ಮನೆಯನ್ನು ಕಟ್ಟಿಸಿ ಉಡುಗೊರೆಯಾಗಿ ಕೊಟ್ಟಳು. ‘ಟೆರ್ರಸೀನಾ’ ಎಂದು ಅದರ ಹೆಸರು. ಈ ಅಳಿಯನೂ ವೈದ್ಯನೇ. ಆತನೂ ವೈದ್ಯವೃತ್ತಿಯನ್ನು ಬಿಟ್ಟು ತಗಡಿಗೆ ಇಳಿದವನೇ! ಆ ಮನೆತನದಲ್ಲಿ ವೈದ್ಯರನ್ನು ಮಿಲ್ಲಿಗೆ ಎಳೆಯುವ ಯಾವುದೋ ಅಯಸ್ಕಾಂತವಿದ್ದಿತೆಂದು ತೋರುವುದು. ರೆಬೆಕಾ 1854ರ ಡಿಸೆಂಬರಿನಲ್ಲಿ ತೀರಿಕೊಂಡಳು. 1859ರಲ್ಲಿ ಮಿಲ್ಲಿಗೆ ಆಕೆಯ ನೆನಪಿಗಾಗಿ ಲೂಕೆನ್ಸ್ ಎಂಬ ಹೆಸರನ್ನಿಟ್ಟರು.

ಇನ್ನು ಯಂತ್ರಗಳ ಮುಂದಿನ ಚರಿತ್ರೆ. 1870ರಲ್ಲಿ ಉಗಿಯ ಬಲದಿಂದ ನಡೆಯುವ ಹೊಸ ಮಿಲ್ಲು ಬಂದಿತು. ಚಕ್ರಕ್ಕೆ ಮನುಷ್ಯರು ಜೋತುಬೀಳುವ ಕಷ್ಟ ತಪ್ಪಿತು. ಡಾಕ್ಟರ್ ಹ್ಯೂಸ್ಟನ್ನನು ವೈದ್ಯನ ಬುದ್ಧಿಯನ್ನು ಬಿಡದೆ, ತಗಡಿನ ತುಂಡುಗಳನ್ನು ಯಂತ್ರದಲ್ಲಿ ಎಳೆದು ಹರಿದು, ಯಾವ ತಗಡು ಎಷ್ಟು ತಾಳುವುದೆಂಬುದನ್ನು ಬರೆದಿಡತೊಡಗಿದನು. 1890ರಲ್ಲಿ ಮೂರು ಉರುಳೆಗಳ ಮಿಲ್ಲೊಂದನ್ನು ನಿಲ್ಲಿಸಿದರು. ಅದರ ಉಪಾಯವು ಬಹು ಚೆನ್ನಾದುದು. ಮೂರು ಉರುಳೆಗಳು ಒಂದರ ಮೇಲೊಂದು; ಕೆಳಗಿನೆರಡರ ನಡುವೆ ತಗಡು ಆಚೆಗೆ ಹೋಗುವುದು, ಮೇಲಿನೆರಡರ ನಡುವೆ ಈಚೆಗೆ ಬರುವುದು. ದಿಕ್ಕನ್ನು ಬದಲಾಯಿಸದೆಯೇ ಹೋಗಿಬರುವ ಎರಡು ಪಯಣದಲ್ಲಿಯೂ ಕೆಲಸವಾಗುವುದು. ಆ ಉರುಳೆಗಳ ಉದ್ದ 120 ಅಂಗುಲ, ಎಂದರೆ ಹತ್ತು ಅಡಿ. ಹಳೆಯ ಕಬ್ಬಿಣವು ಹೋಗಿ ಉಕ್ಕು ಬಂದುದೂ ಈ ಕಾಲದಲ್ಲಿಯೇ. 1892ರ ಹೊತ್ತಿಗೆ ಉಕ್ಕನ್ನು ತಯಾರಿಸುವ ಕುಲುಮೆಗಳೂ ಅಲ್ಲಿಯೇ ಉರಿಯತೊಡಗಿದುವು.

1918ರಲ್ಲಿ, ಮೊದಲನೆಯ ಮಹಾಯುದ್ಧವು ಮುಗಿಯುವ ವರ್ಷ, ಅವರು ನಿಲ್ಲಿಸಿದ ಮಿಲ್ಲು 206 ಅಂಗುಲದ್ದು. ಆಗ ಜಗತ್ತಿನಲ್ಲಿ ಅಷ್ಟು ದೊಡ್ಡ ತಗಡಿನ ಮಿಲ್ಲು ಬೇರೊಂದಿರಲಿಲ್ಲ. ಇದರಲ್ಲಿ ಉರುಳೆಗಳು ನಾಲ್ಕು. ಅದೇಕೆಂದರೆ, ಉದ್ದವಾದ ಕೋಲನ್ನು ಎರಡು ತುದಿಗಳಲ್ಲಿ ಹಿಡಿದು ನಡುವೆ ಒತ್ತಿದರೆ ಬಾಗುವುದಷ್ಟೆ. ಉರುಳೆಯೂ ಹಾಗೆಯೇ ನಡುವೆ ಬಾಗಿದರೆ ತಗಡಿನ ನಡುಭಾಗ ದಪ್ಪವಾಗಿ, ಅಂಚುಗಳು ತೆಳ್ಳಗಾಗುವುವು. ಆದುದರಿಂದ ತಗಡನ್ನು ಮುಟ್ಟುವ ಎರಡು ಉರುಳೆಗಳ ಬೆನ್ನಿಗೆ, ಮೇಲೊಂದು ಕೆಳಗೊಂದು, ಇನ್ನೂ ದಪ್ಪನಾದ ಎರಡು ಉರುಳೆಗಳನ್ನು ಆಸರೆಯಾಗಿ ಇಡುವರು. ದುಡಿಯುವವರ ಬೆನ್ನಿಗೆ ಹಿರಿಯರು ನಿಂತಂತೆ. ವಾಚಕರು ನಾವು ನೆನಪಿಟ್ಟುಕೊಳ್ಳಿರೆಂದು ಹೇಳಿದ ಅಳತೆಯನ್ನು ಈಗ ನೆನೆದುಕೊಳ್ಳಬೇಕು. ಮೂರು ನಾಲ್ಕು ಅಡಿಗಳ ಉರುಳೆಯಿಂದ ಆರಂಭವಾದುದು ನೂರೆಂಟು ವರ್ಷಗಳಲ್ಲಿ 17 ಅಡಿ 2 ಅಂಗುಲವಾಯಿತು. ಎತ್ತಿನ ಬಂಡಿಯೊಂದನ್ನು ಎತ್ತುಗಳ ಸಮೇತ ಅಡ್ಡಲಾಗಿ ನಿಲ್ಲಿಸುವಷ್ಟು ಅಗಲವೆಂದು ನಾವು ಮೊಮ್ಮಗಳಿಗೆ ಹೇಳಿದೆವು. ಎತ್ತಿನ ಬಂಡಿಯನ್ನು ತಾನು ಅಳೆದಿಲ್ಲವೆಂದು ಅವಳು ಉತ್ತರ ಕೊಟ್ಟಳು.

ಆ ಮಿಲ್ಲಿನಿಂದ ಹೊರಟ ಉಕ್ಕಿನಲ್ಲಿ ಒಂದು ಭಾಗವು ಎಲ್ಲಿಗೆ ಹೋಯಿತೆಂಬುದು ಲೋಕವೆಲ್ಲ ಕಂಡ ಸಂಗತಿ. ನ್ಯೂಯಾರ್ಕಿನ ಜೋಡಿಗೋಪುರಗಳ ಬುಡದಲ್ಲಿ ತ್ರಿಶೂಲದಂತಿದ್ದ ಕಂಬಗಳಿದ್ದುವು. ಮೇಲಿನಿಂದ ಇಳಿದ ಮೂರು ಕಂಬಗಳು ಅಲ್ಲಿ ಒಂದಾಗಿ ಕೂಡಿ ನೆಲವನ್ನು ಸೇರುತ್ತಿದ್ದುವು. ಕೆಲಸಗಾರರು ಅವನ್ನು ‘ಮರ’ಗಳೆಂದು ಕರೆದರು. 1968ರಿಂದ 1969ರ ವರೆಗೆ ಅವುಗಳಿಗೆ ಉಕ್ಕನ್ನು ಕೊಟ್ಟುದು ಕೋಟ್ಸ್‌ವಿಲ್ಲಿನ ಈ ಕಾರ್ಖಾನೆ. 2001ರ ಸೆಪ್ಟೆಂಬರ್ 11ರಂದು ಗೋಪುರಗಳು ಉರುಳಿದ ಮೇಲೂ, ಧೂಳಿನ ನಡುವೆ ಕೆಲವು ‘ಮರ’ಗಳು ನಿಂತೇ ಇದ್ದುದನ್ನು ಚಿತ್ರಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ.

ಕಾರ್ಖಾನೆಯ ಒಡೆತನವು 1998ರಲ್ಲಿ ಬೆಥ್ಲೆಹೆಮ್ ಉಕ್ಕಿನ ಸಂಸ್ಥೆಗೆ ಹೋಯಿತು. ಅಲ್ಲಿಂದ ಮುಂದೆ ಕೈ ಬದಲಾಯಿಸುತ್ತ 2020ರ ಕೊನೆಯಲ್ಲಿ ಕ್ಲೀವ್ಲೆಂಡ್ ಕ್ಲಿಫ್ಸ್ ಎಂಬ ಸಂಸ್ಥೆಯನ್ನು ಸೇರಿತು. ರೆಬೆಕಾಳ ಮನೆ, ಟೆರ್ರಸೀನಾ, ಹ್ಯೂಸ್ಟನ್ನರ ಗ್ರೇಸ್ಟೋನ್ ಎಂಬ ಭವನ, 1902ರಲ್ಲಿ ಕಟ್ಟಿದ ಕಚೇರಿ, ಇವುಗಳನ್ನು ಕೂಡಿಸಿ 1994ರಲ್ಲಿ ಅಮೆರಿಕಾದ ಸರಕಾರದವರು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಗೊತ್ತುಮಾಡಿದರು. ಅಲ್ಲಿ ಉಕ್ಕಿನ ಚರಿತ್ರೆಗಾಗಿಯೇ ಒಂದು ವಸ್ತುಸಂಗ್ರಹಾಲಯವಿರುವುದು. 2010ರ ಏಪ್ರಿಲಿನಲ್ಲಿ, ನ್ಯೂಯಾರ್ಕಿನ ವಿಮಾನನಿಲ್ದಾಣವೊಂದರಲ್ಲಿ ಕಾಪಾಡಿ ಇಟ್ಟಿದ್ದ ಆ ‘ಮರ’ಗಳಲ್ಲಿ ಹತ್ತನ್ನು ಲಾರಿಗಳ ಮೇಲೆ ಹೇರಿಕೊಂಡು, ಹುಟ್ಟಿದ ಊರಾದ ಕೋಟ್ಸ್‌ವಿಲ್ಲಿಗೆ ಮರಳಿ ತಂದರು. ತಾಯಿಯು ಮಗಳಿಗೆ ಉಡುಗೊರೆಯಾಗಿ ಕಟ್ಟಿಸಿಕೊಟ್ಟ ಮನೆಯಿರುವ ಆ ಊರಿಗೆ, ಹಗಲಿನಲ್ಲಿ, ಜನರು ನೋಡುತ್ತಿರುವಾಗ, ಅವು ಬಂದು ಸೇರಿದುವು.